ಎರಡೂ ಒಂದೇ ಅಂತೀರಾ?

ವಿನೋಬನಗರದ ಪೊಲೀಸ್ ಚೌಕಿಯಿಂದ ಸ್ವಲ್ಪ ದೂರದಲ್ಲಿ ನಾವು ಏಳೆಂಟು ಮಂದಿ ಸೇರಿ ಓದುವ ಬಾಡಿಗೆ ರೂಮೊಂದಿದೆ. ಇಬ್ಬರು ಪಿಎಸ್‌ಐ ಪರೀಕ್ಷೆಗೆ, ಮೂವರು ಪಿಡಿಒ ಹುದ್ದೆಗೆ, ಕಾನೂನು ಓದಿದ ನಾನು ಮತ್ತು ನನ್ನ ಗೆಳತಿ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ತಯಾರಿ ನಡೆಸಿದ್ದೇವೆ. ಹೋದ ತಿಂಗಳು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ 2018ರ ಎರಡು ತೀರ್ಪುಗಳ ಮಾತು ಬಂತು. ಪಿಎಸ್‌ಐಗೆ ಓದುತ್ತಿರುವ ಗೆಳೆಯ ಪೆನ್ನು ಕೆಳಗಿಟ್ಟು, ‘ಅಲ್ಲ ಮಾರಾಯ್ತಿ, ಆ ವರ್ಷ ಅನೈತಿಕ ಸಂಬಂಧಾನೂ ತಪ್ಪಲ್ಲ ಅಂದ್ರು, ಗಂಡು ಗಂಡಿನ ಸಂಬಂಧಾನೂ ತಪ್ಪಲ್ಲ ಅಂದ್ರು. ಹಾಕೋದಾದ್ರೆ ಎರಡಕ್ಕೂ ಶಿಕ್ಷೆ ಹಾಕ್ಬೇಕು, ಬಿಡೋದಾದ್ರೆ ಎರಡನ್ನೂ ಬಿಡ್ಬೇಕು. ಎರಡೂ ಒಂದೇ ಅಲ್ವಾ?’ ಅಂದ.

ಈ ಪ್ರಶ್ನೆ ಅವನೊಬ್ಬನದಲ್ಲ. ಬಸ್‌ಸ್ಟ್ಯಾಂಡ್‌ನಲ್ಲಿ, ಕಾಲೇಜು ಕ್ಯಾಂಟೀನ್‌ನಲ್ಲಿ, ನಮ್ಮ ಮನೆಯ ಊಟದ ಹೊತ್ತಿನಲ್ಲೂ ಕೇಳಿದ್ದೇನೆ. ‘ಕಾಲ ಕೆಟ್ಟಿತು’ ಎಂಬ ಒಂದೇ ಚೀಲಕ್ಕೆ ಎರಡನ್ನೂ ತುಂಬಿ ಬಾಯಿ ಕಟ್ಟಿಬಿಡುತ್ತಾರೆ. ಆ ಚೀಲ ಬಿಚ್ಚಿ ನೋಡುವುದು ನಮ್ಮ ವಯಸ್ಸಿನವರಿಗೆ ಅಗತ್ಯ ಎಂದು ನನಗನ್ನಿಸುತ್ತದೆ. ಇನ್ನು ಎರಡು ಮೂರು ವರ್ಷದಲ್ಲಿ ನಮ್ಮಲ್ಲೇ ಒಬ್ಬ ಠಾಣೆಯಲ್ಲಿ ಕೂತು ದೂರು ಬರೆದುಕೊಳ್ಳುತ್ತಿರುತ್ತಾನೆ, ಇನ್ನೊಬ್ಬಳು ಮದುವೆಗೆ ಹೂಂ ಅನ್ನಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತಾಳೆ.

ಎರಡು ಸೆಕ್ಷನ್‌ಗಳೂ 1860ರ ಭಾರತೀಯ ದಂಡ ಸಂಹಿತೆಯವು. 377ನೇ ಸೆಕ್ಷನ್ ‘ನಿಸರ್ಗದ ಕ್ರಮಕ್ಕೆ ವಿರುದ್ಧ’ವಾದ ಲೈಂಗಿಕ ಕ್ರಿಯೆಗೆ ಹತ್ತು ವರ್ಷದವರೆಗೆ ಸೆರೆವಾಸ ಅಥವಾ ಜೀವಾವಧಿ ಎನ್ನುತ್ತಿತ್ತು. ಇಬ್ಬರಿಗೂ ಒಪ್ಪಿಗೆ ಇತ್ತೇ, ಇಬ್ಬರೂ ವಯಸ್ಕರೇ ಎಂದು ಅದು ಕೇಳುತ್ತಲೇ ಇರಲಿಲ್ಲ. ಅಕ್ಷರಕ್ಕೆ ಹೋದರೆ ಗಂಡ ಹೆಂಡಿರ ಕೋಣೆಗೂ ಅದು ಅನ್ವಯಿಸುತ್ತಿತ್ತು. ಆದರೆ ಅದರ ಬೆದರಿಕೆ ಬಿದ್ದದ್ದು ಮುಖ್ಯವಾಗಿ ಸಲಿಂಗಿಗಳ ಮೇಲೆ, ಲಿಂಗತ್ವ ಅಲ್ಪಸಂಖ್ಯಾತರ ಮೇಲೆ. ಬೆಂಗಳೂರಿನ ಪಾರ್ಕು, ಬಸ್‌ ನಿಲ್ದಾಣಗಳಲ್ಲಿ ಪೊಲೀಸರು ಈ ಸಮುದಾಯದವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲೇ ವರದಿ ಮಾಡಿತ್ತು. ಕೇಸು ಕೋರ್ಟಿಗೆ ಹೋಗಬೇಕೆಂದೇನೂ ಇರಲಿಲ್ಲ, ಸೆಕ್ಷನ್ ಇದೆ ಎಂಬ ಹೆದರಿಕೆಯೇ ಸಾಕಾಗುತ್ತಿತ್ತು.

497ನೇ ಸೆಕ್ಷನ್ ಇನ್ನೂ ವಿಚಿತ್ರ. ‘ವ್ಯಭಿಚಾರಕ್ಕೆ ಶಿಕ್ಷೆ’ ಎಂದು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಯಾರ ವ್ಯಭಿಚಾರ, ಯಾರಿಗೆ ಶಿಕ್ಷೆ ಎಂದು ಕೇಳಿದರೆ ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಮತ್ತೊಬ್ಬನ ಹೆಂಡತಿ ಎಂದು ಗೊತ್ತಿದ್ದೂ, ಆ ಗಂಡನ ಒಪ್ಪಿಗೆಯಾಗಲಿ ಮೌನ ಸಮ್ಮತಿಯಾಗಲಿ ಇಲ್ಲದೆ ಆಕೆಯೊಂದಿಗೆ ಸಂಬಂಧ ಇಟ್ಟುಕೊಂಡ ಗಂಡಸಿಗೆ ಐದು ವರ್ಷದವರೆಗೆ ಜೈಲು. ಗಂಡ ಒಪ್ಪಿದ್ದರೆ ಅಪರಾಧವೇ ಅಲ್ಲ! ಹೆಂಡತಿಗೆ ಶಿಕ್ಷೆಯಿಲ್ಲ. ಇದನ್ನು ಕೇಳಿ ‘ನೋಡಿ, ಹೆಂಗಸರ ಪರ ಕಾನೂನು’ ಅನ್ನುವವರಿದ್ದಾರೆ. ಸ್ವಲ್ಪ ತಾಳಿ. ಗಂಡ ಅವಿವಾಹಿತೆಯ ಜತೆಗೋ ವಿಧವೆಯ ಜತೆಗೋ ಹೋದರೆ 497 ಮಾತಾಡುತ್ತಿರಲಿಲ್ಲ. ಮದುವೆಯಾದವಳ ಜತೆ ಹೋದರೂ ದೂರು ಕೊಡುವ ಹಕ್ಕು ಆ ಇನ್ನೊಬ್ಬಳ ಗಂಡನಿಗೆ ಮಾತ್ರ. ಮನೆಯಲ್ಲಿ ಕಣ್ಣೀರು ಹಾಕುತ್ತಾ ಕೂತ ಹೆಂಡತಿಗೆ ಆ ಸೆಕ್ಷನ್‌ನಲ್ಲಿ ಜಾಗವೇ ಇರಲಿಲ್ಲ. ನಮ್ಮ ತೋಟಕ್ಕೆ ಪಕ್ಕದವರ ದನ ನುಗ್ಗಿದರೆ ತೋಟದ ಮಾಲೀಕ ದೂರು ಕೊಡುತ್ತಾನಲ್ಲ, ಬಹುತೇಕ ಅದೇ ಲೆಕ್ಕ.

ಇಲ್ಲೊಂದು ಕುತೂಹಲದ ಸಂಗತಿ. ಮೆಕಾಲೆ ಮುಂದಾಳತ್ವದಲ್ಲಿ 1837ರಲ್ಲಿ ಸಿದ್ಧವಾದ ದಂಡ ಸಂಹಿತೆಯ ಮೊದಲ ಕರಡಿನಲ್ಲಿ ವ್ಯಭಿಚಾರ ಅಪರಾಧವಾಗಿ ಇರಲೇ ಇಲ್ಲ. ನಂತರ ಬಂದ ಕಾನೂನು ಆಯುಕ್ತರು ಅದನ್ನು ಸೇರಿಸಿದರು. ಇಲ್ಲಿನ ಹೆಂಗಸರ ಸ್ಥಿತಿ ನೋಡಿ ಅವರಿಗೆ ಶಿಕ್ಷೆ ಬೇಡ ಎಂದರು. ‘ನಿಸರ್ಗ ವಿರುದ್ಧ’ ಅಪರಾಧಗಳ ಕಲಮುಗಳು ಮಾತ್ರ ಮೊದಲ ಕರಡಿನಲ್ಲೇ ಇದ್ದವು. ಆ ವಿಷಯದಲ್ಲಿ ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ಒಳ್ಳೆಯದು ಎಂಬ ಅರ್ಥದ ಟಿಪ್ಪಣಿಯನ್ನಷ್ಟೇ ಬರೆದು ಮುಗಿಸಿದ್ದರು. ಒಂದನ್ನು ಯೋಚಿಸಿ ಬಿಟ್ಟರು, ಇನ್ನೊಂದನ್ನು ಯೋಚಿಸದೇ ಸೇರಿಸಿದರು. ಹುಟ್ಟುವಾಗಲೇ ಎರಡರ ದಾರಿ ಬೇರೆಯಾಗಿತ್ತು.

ಈಗ 2018ಕ್ಕೆ ಬರೋಣ. ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ, ವಯಸ್ಕರ ನಡುವಿನ ಒಪ್ಪಿತ ಸಂಬಂಧಕ್ಕೆ 377 ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಪ್ಪತ್ತೊಂದು ದಿನ ಕಳೆದು, ಸೆಪ್ಟೆಂಬರ್ 27ರಂದು ಜೋಸೆಫ್ ಶೈನ್ ಪ್ರಕರಣದಲ್ಲಿ 497 ಅನ್ನು ಪೂರ್ತಿ ರದ್ದು ಮಾಡಿತು. ಎರಡೂ ಪೀಠಗಳಲ್ಲಿ ಇದ್ದವರು ಅದೇ ಐವರು: ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ, ರೋಹಿಂಟನ್ ನಾರಿಮನ್, ಎ.ಎಂ. ಖಾನ್ವಿಲ್ಕರ್, ಡಿ.ವೈ. ಚಂದ್ರಚೂಡ್, ಇಂದು ಮಲ್ಹೋತ್ರಾ. ಪರೀಕ್ಷೆಗೆ ಓದುವವರು ಗುರುತು ಹಾಕಿಕೊಳ್ಳಬೇಕಾದ ಇನ್ನೊಂದು ಅಂಶ: 1985ರಲ್ಲಿ 497 ಅನ್ನು ಎತ್ತಿಹಿಡಿದ ತೀರ್ಪು ಬರೆದವರು ವೈ.ವಿ. ಚಂದ್ರಚೂಡ್, 2018ರಲ್ಲಿ ಅದನ್ನು ತಳ್ಳಿಹಾಕಿದ ಪೀಠದಲ್ಲಿದ್ದವರು ಅವರ ಮಗ.

ಅದೇ ಪೀಠ, ಅದೇ ತಿಂಗಳು. ಹಾಗಾದರೆ ಎರಡೂ ಒಂದೇ ಅಲ್ಲವೇ? ನನ್ನ ಗೆಳೆಯನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಆದರೆ ತೀರ್ಪಿನ ಒಳಗೆ ಹೋಗಿ ನೋಡಬೇಕು. ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಎರಡರಲ್ಲೂ ಪ್ರತ್ಯೇಕ ಅಭಿಪ್ರಾಯ ಬರೆದಿದ್ದಾರೆ. 377ರ ವಿಷಯದಲ್ಲಿ ಅವರು, ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂಬರ್ಥದ ಮಾತು ಬರೆದರು. ಮೂರು ವಾರ ಕಳೆದು 497ರ ವಿಷಯದಲ್ಲಿ ಅವರು ಯಾರ ಕ್ಷಮೆಯನ್ನೂ ಕೇಳಲಿಲ್ಲ. ವ್ಯಭಿಚಾರ ಸಂಗಾತಿಗೆ, ಕುಟುಂಬಕ್ಕೆ ಮಾಡುವ ನೈತಿಕ ತಪ್ಪು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸರ್ಕಾರ ನಡುವೆ ಬಂದು ಜೈಲಿಗೆ ಹಾಕುವಷ್ಟು ಅದು ಸಮಾಜದ ವಿರುದ್ಧದ ಅಪರಾಧವೇ ಎಂಬುದು ಪ್ರಶ್ನೆ ಎಂದರು. ಒಂದೇ ಕೈ ಬರೆದ ಎರಡು ಮಾತು ಇವು. ಒಂದರಲ್ಲಿ ತಪ್ಪೇ ಇರಲಿಲ್ಲ. ಇನ್ನೊಂದರಲ್ಲಿ ತಪ್ಪಿದೆ, ಆದರೆ ಅದು ಪೊಲೀಸರ ಕೆಲಸವಲ್ಲ.

ನನ್ನ ಉತ್ತರವೂ ಅಲ್ಲೇ ಇದೆ.

ಈ ತೀರ್ಪುಗಳ ಹಿಂದೆ ಇಬ್ಬರು ಕನ್ನಡನಾಡಿನ ನ್ಯಾಯಮೂರ್ತಿಗಳ ಹೆಸರಿದೆ, ನಮ್ಮ ತರಗತಿಗಳಲ್ಲಿ ಇದನ್ನು ಯಾರೂ ಒಟ್ಟಿಗೆ ಹೇಳಲಿಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಅದರಿಂದ ಹೊರಟ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಉತ್ತರ ಕೊಟ್ಟಿತು. 377 ಅನ್ನು ಮತ್ತೆ ಜೀವಂತ ಮಾಡಿದ್ದ 2013ರ ತೀರ್ಪಿನ ತರ್ಕ ಸರಿಯಿಲ್ಲ ಎಂಬ ಮಾತೂ ಅದರಲ್ಲಿತ್ತು. ಮರುವರ್ಷದ ಎರಡೂ ತೀರ್ಪುಗಳು ನಿಂತಿರುವುದು ಆ ಅಡಿಪಾಯದ ಮೇಲೆ. ಇನ್ನೊಬ್ಬರು ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆಂದು ರಚಿಸಿದ್ದ ಅವರ ಸಮಿತಿ 2003ರಲ್ಲಿ, 497 ಅನ್ನು ತೆಗೆಯುವುದು ಬೇಡ, ಗಂಡಾಗಲಿ ಹೆಣ್ಣಾಗಲಿ ಮತ್ತೊಬ್ಬರ ಸಂಗಾತಿಯ ಜತೆ ಸಂಬಂಧ ಇಟ್ಟವರೆಲ್ಲರಿಗೂ ಅನ್ವಯಿಸುವಂತೆ ತಿದ್ದಿ ಎಂದು ಹೇಳಿತ್ತು. ಸಮಾನತೆ ಬೇಕೆಂದರೆ ಇಬ್ಬರಿಗೂ ಶಿಕ್ಷೆ ಎಂಬುದು ಅವರ ದಾರಿ. ಕೋರ್ಟ್ ಹಿಡಿದದ್ದು ಇಬ್ಬರಿಗೂ ಜೈಲು ಬೇಡ ಎಂಬ ದಾರಿ.

ಎರಡು ಸೆಕ್ಷನ್‌ಗಳು ಒಂದೇ ಮನೆಯಲ್ಲಿ ಎದುರುಬದುರಾದರೆ ಏನಾಗುತ್ತದೆ? 2014ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಇದು ನಡೆಯಿತು. ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಯೊಬ್ಬರನ್ನು ಹೆಂಡತಿಯ ದೂರಿನ ಮೇಲೆ ಪೊಲೀಸರು 377ರ ಅಡಿ ಬಂಧಿಸಿದರು. ಹಿರಿಯರು ನೋಡಿ ಮಾಡಿದ ಮದುವೆ. ಗಂಡ ತನ್ನಿಂದ ದೂರ ಇರುವುದೇಕೆ ಎಂದು ತಿಳಿಯದ ಆಕೆ ಮನೆಯೊಳಗೆ ಕ್ಯಾಮೆರಾ ಇಟ್ಟಿದ್ದರು. ಗಂಡಸಿನೊಂದಿಗೆ ಸಂಬಂಧವಿದೆ ಎಂದು ಅದರಿಂದ ಗೊತ್ತಾಯಿತು. ಆಗ ದೇಶದ ಪತ್ರಿಕೆಗಳೆಲ್ಲ ಇದನ್ನು ಬರೆದವು. ಕೆಲವರು ಗಂಡನ ಪರ ನಿಂತರು, ಕೆಲವರು ಹೆಂಡತಿಯ ಪರ.

ನಾನು ಈ ಪ್ರಕರಣವನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆ ಹೆಂಡತಿಗೆ ಆಗಿದ್ದು ಮೋಸ. ಆದರೆ ಆ ಮೋಸಕ್ಕೆಂದು ಆಕೆಯ ಕೈಗೆ ಕ್ರಿಮಿನಲ್ ಕಾನೂನು ಏನನ್ನೂ ಕೊಟ್ಟಿರಲಿಲ್ಲ. ಗಂಡ ಬೇರೊಬ್ಬ ಹೆಂಗಸಿನ ಜತೆ ಇದ್ದಿದ್ದರೆ 497ರ ಅಡಿ ಆಕೆ ಠಾಣೆಯ ಮೆಟ್ಟಿಲು ಹತ್ತಿಯೂ ಪ್ರಯೋಜನವಿರಲಿಲ್ಲ. ಆತನ ಜತೆಗಿದ್ದವನು ಗಂಡಸು ಎಂಬ ಒಂದೇ ಕಾರಣಕ್ಕೆ ಸೆಕ್ಷನ್ ಸಿಕ್ಕಿತು, ಅದೂ ಜೀವಾವಧಿಯವರೆಗೆ ಶಿಕ್ಷೆ ಇರುವ ಸೆಕ್ಷನ್. ಎಫ್‌ಐಆರ್‌ನಲ್ಲಿ ಬರೆದ ಅಪರಾಧಕ್ಕೂ ಆಕೆಗೆ ಆದ ನೋವಿಗೂ ಸಂಬಂಧವೇ ಇರಲಿಲ್ಲ. ನೋವು ಮಾತು ತಪ್ಪಿದ್ದರದ್ದು, ಕೇಸು ಅವನ ಹುಟ್ಟುಗುಣದ್ದು.

ಇದು ನನಗೆ ಪುಸ್ತಕದ ವಿಷಯವಷ್ಟೇ ಅಲ್ಲ. ಭದ್ರಾವತಿಯಲ್ಲಿರುವ ನನ್ನ ದೊಡ್ಡಮ್ಮನ ಮಗಳ ಬಾಳಿನಲ್ಲಿ ಇದೇ ನಡೆಯಿತು. ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

2021ರಲ್ಲಿ ಮದುವೆಯಾಯಿತು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಮೃದು ಮಾತು, ಚಟ ಇಲ್ಲ, ಜಾತಕ ಕೂಡಿತ್ತು. ಎಂಟು ತಿಂಗಳಾಗುವಷ್ಟರಲ್ಲಿ ಅಕ್ಕ ಬ್ಯಾಗ್ ಹಿಡಿದು ತವರಿಗೆ ಬಂದಳು. ಭಾವನೇ ಅವಳಿಗೆ ಹೇಳಿದ್ದ: ಕಾಲೇಜಿನ ದಿನಗಳಿಂದ ಒಬ್ಬ ಗೆಳೆಯನಿದ್ದಾನೆ, ಮನೆಯಲ್ಲಿ ಅಮ್ಮನಿಗೆ ಗೊತ್ತಾದಾಗ ಮದುವೆ ಮಾಡಿದರೆ ಎಲ್ಲ ಸರಿ ಹೋಗುತ್ತದೆ ಎಂದು ಹಟ ಹಿಡಿದರು, ತಾನು ಬೇಡ ಎನ್ನಲಾಗಲಿಲ್ಲ ಎಂದು.

ಮುಂದೆ ನಡೆದದ್ದನ್ನು ನಾನು ಮನೆಯ ಜಗುಲಿಯಲ್ಲಿ ಕೂತು ನೋಡಿದೆ. ಮೊದಲ ವಾರ, ಏನಾಯಿತೆಂದು ಸರಿಯಾಗಿ ತಿಳಿಯದಿದ್ದಾಗ, ನೆಂಟರೆಲ್ಲ ‘ಬೇರೆ ಯಾವಳೋ ಇರ್ಬೇಕು. ಗಂಡಸು, ಸ್ವಲ್ಪ ದಿನ ಆಡ್ತಾನೆ, ಸರಿ ಹೋಗ್ತಾನೆ. ನೀನೇ ಹೊಂದ್ಕೊಂಡು ಹೋಗು ಮಗಾ’ ಅಂದರು. ವಿಷಯ ತಿಳಿದ ಮೇಲೆ ಅದೇ ಬಾಯಿಗಳು ‘ಅವನನ್ನ ಒಳಗೆ ಹಾಕಿಸ್ಬೇಕು’ ಅಂದವು. ಅಕ್ಕನಿಗೆ ಆದ ಮೋಸ ಎರಡೂ ವಾರ ಒಂದೇ ಆಗಿತ್ತು. ಮೊದಲನೆಯ ವಾರ ಅದು ಹೊಂದಿಕೊಳ್ಳಬಹುದಾದದ್ದು, ಎರಡನೆಯ ವಾರ ಜೈಲಿಗೆ ಹಾಕಬೇಕಾದದ್ದು. ಅವರಿಗೆ ಸಿಟ್ಟು ಬಂದದ್ದು ಅಕ್ಕನ ಸಲುವಾಗಿ ಅಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ದೊಡ್ಡಪ್ಪ ಶಿವಮೊಗ್ಗಕ್ಕೆ ಬಂದು ವಕೀಲರನ್ನು ಕಂಡರು. ಜತೆಗೆ ನಾನೂ ಹೋಗಿದ್ದೆ. ವಕೀಲರು ಸಮಾಧಾನದಿಂದ, ‘ಯಜಮಾನ್ರೇ, ಯಾವ ಸೆಕ್ಷನ್ ಹಾಕೋಣ ಹೇಳಿ. 377 ಹಾಕೋಕೆ ಬರಲ್ಲ, 497 ಇಲ್ಲ. ಇದ್ದಾಗಲೂ ನಿಮ್ಮ ಮಗಳಿಗೆ ಅದು ಇರ್ಲಿಲ್ಲ. ನಿಮ್ಮ ಮಗಳಿಗೆ ಏನು ಬೇಕು ಅಂತ ಕೇಳಿದ್ರಾ?’ ಅಂದರು. ಯಾರೂ ಕೇಳಿರಲಿಲ್ಲ. ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತಿದ್ದವಳು ಅವತ್ತು ಮೊದಲ ಸಲ ಬಾಯಿಬಿಟ್ಟಳು. ‘ಸರ್, ಅವ್ರು ಗಂಡಸರನ್ನ ಇಷ್ಟಪಡ್ತಾರೆ ಅನ್ನೋದು ನನ್ನ ದೂರಲ್ಲ. ಅದನ್ನ ಮುಚ್ಚಿಟ್ಟು ನಂಗೆ ತಾಳಿ ಕಟ್ಟಿದ್ರಲ್ಲ, ಅದು ನನ್ನ ದೂರು.’

ಕಾನೂನು ಓದಿದ ಐದು ವರ್ಷದಲ್ಲಿ ಯಾವ ಮೇಷ್ಟ್ರೂ ನನಗೆ ಈ ಎರಡು ವಿಷಯವನ್ನು ಇಷ್ಟು ಚೆನ್ನಾಗಿ ಬೇರೆ ಮಾಡಿ ಹೇಳಿರಲಿಲ್ಲ.

ಆ ದೂರಿಗೆ ಕಾನೂನಿನಲ್ಲಿ ಜಾಗ ಇದೆ. ಹಿಂದೂ ವಿವಾಹ ಕಾಯ್ದೆ, 1955ರ 12ನೇ ಸೆಕ್ಷನ್ ಪ್ರಕಾರ, ಮುಖ್ಯವಾದ ಸಂಗತಿಯನ್ನು ಮುಚ್ಚಿಟ್ಟು ವಂಚನೆಯಿಂದ ಮದುವೆಗೆ ಒಪ್ಪಿಗೆ ಪಡೆದಿದ್ದರೆ ಆ ಮದುವೆಯನ್ನೇ ಅನೂರ್ಜಿತ ಎಂದು ಘೋಷಿಸಲು ಕೇಳಬಹುದು. ಆದರೆ ಎರಡು ಷರತ್ತಿವೆ. ವಂಚನೆ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಿಳಿದ ಮೇಲೆ ಸ್ವಇಚ್ಛೆಯಿಂದ ಜತೆಯಲ್ಲಿ ಬಾಳಿರಬಾರದು. ನಮ್ಮ ಮನೆಯವರು ಏನು ಮಾಡಿದ್ದರು ಗೊತ್ತೇ? ವಕೀಲರ ಹತ್ತಿರ ಹೋಗುವ ಮೊದಲೇ ಡಾಕ್ಟರು, ಜ್ಯೋತಿಷಿ, ಹರಕೆ ಎಲ್ಲ ಮುಗಿಸಿ, ‘ಇನ್ನೆರಡು ತಿಂಗಳು ನೋಡು’ ಎಂದು ಅಕ್ಕನನ್ನು ವಾಪಸ್ ಕಳಿಸಿಕೊಟ್ಟಿದ್ದರು. ಆ ಎರಡು ತಿಂಗಳು ಅವಳ ಅರ್ಜಿಯ ಬಲವನ್ನೇ ತಿಂದುಹಾಕಿತು. ಕೊನೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋದರು. ಅದಕ್ಕೆ ಒಂದು ವರ್ಷ ಬೇರೆ ಬೇರೆ ಇರಬೇಕು. ಭಾವ ಕರೆದಾಗಲೆಲ್ಲ ಬಂದು ಸಹಿ ಹಾಕಿದ, ಮದುವೆಯ ಖರ್ಚೂ ಕೊಟ್ಟ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಅಮ್ಮನಿಗೆ ‘ಆಗಲ್ಲ’ ಎನ್ನುವ ಧೈರ್ಯ ಅವನಿಗೆ ಬಂದಿದ್ದರೆ ಇಬ್ಬರ ಮೂರು ವರ್ಷ ಉಳಿಯುತ್ತಿತ್ತು.

ಆ ಧೈರ್ಯ ಬರದಂತೆ ನೋಡಿಕೊಂಡದ್ದರಲ್ಲಿ 377ರ ಪಾಲೂ ಇದೆ. ಅಪರಾಧಿ ಎನಿಸಿಕೊಳ್ಳುವುದಕ್ಕಿಂತ ಮದುವೆಯ ಮರೆಯಲ್ಲಿ ನಿಲ್ಲುವುದೇ ವಾಸಿ ಎಂದು ತಲೆಮಾರುಗಳ ಗಂಡಸರು ತಾಳಿ ಕಟ್ಟಿದ್ದಾರೆ, ಹೆಂಗಸರು ಕಟ್ಟಿಸಿಕೊಂಡಿದ್ದಾರೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಬಂದದ್ದು 2013ರಲ್ಲಿ. ಸಲಿಂಗಿ ಬದುಕನ್ನು ಕನ್ನಡದಲ್ಲಿ ಹಾಗೆ ನೇರವಾಗಿ ಬರೆದದ್ದು ಆಗ ಹೊಸತು. ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ದೆಹಲಿ ಹೈಕೋರ್ಟ್‌ನ 2009ರ ತೀರ್ಪನ್ನು ತಳ್ಳಿಹಾಕಿ ಆ ಬದುಕನ್ನು ಮತ್ತೆ ಅಪರಾಧ ಮಾಡಿತು.

‘ಹಾಗಾದರೆ ವ್ಯಭಿಚಾರಕ್ಕಾದರೂ ಜೈಲು ಇರಲಿ, ಅದರಲ್ಲಿ ನೊಂದವರು ಇದ್ದಾರಲ್ಲ’ ಎಂದು ನನ್ನ ಓದಿನ ಗೆಳತಿ ವಾದ ಮಾಡಿದಳು. ಬಲವಾದ ವಾದ. 2023ರ ನವೆಂಬರ್‌ನಲ್ಲಿ ಸಂಸದೀಯ ಸ್ಥಾಯಿ ಸಮಿತಿಯೂ ಹೊಸ ಸಂಹಿತೆಯಲ್ಲಿ ಗಂಡು ಹೆಣ್ಣು ಭೇದವಿಲ್ಲದೆ ವ್ಯಭಿಚಾರವನ್ನು ಅಪರಾಧವಾಗಿ ಸೇರಿಸಿ ಎಂದು ಶಿಫಾರಸು ಮಾಡಿತ್ತು. ಸಂಸತ್ತು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ.

ಕಾರಣ ನಮ್ಮ ಮಲೆನಾಡಿನಲ್ಲೇ ಇದೆ. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ಬರೆದ ಕಥೆಯನ್ನು ಅದೇ ಸೀಮೆಯ ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ ಸಿನಿಮಾ ಮಾಡಿದರು. ಎಳೆಯ ವಯಸ್ಸಿನ ವಿಧವೆ ಯಮುನಕ್ಕ ಬಸುರಿಯಾಗುತ್ತಾಳೆ. ಕಾರಣನಾದ ಮೇಷ್ಟ್ರು ಊರು ಬಿಡುತ್ತಾನೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡುತ್ತಾನೆ. ದಂಡ ಸಂಹಿತೆ ಆ ಕಥೆಯಲ್ಲಿ ಎಲ್ಲೂ ಬರುವುದಿಲ್ಲ, ಬಂದರೂ 497 ಮೇಷ್ಟ್ರನ್ನು ಮುಟ್ಟುತ್ತಿರಲಿಲ್ಲ. ಆಕೆಗೆ ಗಂಡನಿಲ್ಲ, ‘ಮಾಲೀಕ’ ಇಲ್ಲದ ಮೇಲೆ ದೂರುದಾರ ಎಲ್ಲಿಂದ ಬರಬೇಕು? ಇಂಥ ಊರುಗಳಲ್ಲಿ ಇಬ್ಬರಿಗೂ ಸಮನಾಗಿ ಜೈಲು ಎಂಬ ಕಾನೂನು ತಂದರೆ ಠಾಣೆಗೆ ಮೊದಲು ಯಾರನ್ನು ಎಳೆದು ತರುತ್ತಾರೆ? ಹೊಡೆಯುವ ಗಂಡನನ್ನು ಬಿಟ್ಟು ಬಂದ ಹೆಂಡತಿಯ ಮೇಲೆ ‘ಇವಳಿಗೆ ಯಾರೋ ಇದ್ದಾನೆ’ ಎಂಬ ದೂರು ಬೀಳುವುದಕ್ಕೆ ಒಂದು ದಿನವೂ ಬೇಡ. ಮಲಗುವ ಕೋಣೆಯ ಸಾಕ್ಷಿ ಹುಡುಕಲು ಪಿಎಸ್‌ಐ ಮೊಬೈಲ್ ಕಸಿದುಕೊಳ್ಳುತ್ತಾನೆ. ಪಿಎಸ್‌ಐಗೆ ಓದುತ್ತಿರುವ ನನ್ನ ಗೆಳೆಯನಿಗೆ ಇದನ್ನೇ ಕೇಳಿದೆ, ‘ಈ ಕೆಲಸ ಮಾಡೋಕೆ ಓದ್ತಿದ್ದೀಯಾ?’ ಅವನು ನಕ್ಕ, ಉತ್ತರ ಕೊಡಲಿಲ್ಲ.

ಜೈಲು ಇಲ್ಲ ಎಂದರೆ ಪರಿಣಾಮವೇ ಇಲ್ಲ ಎಂದಲ್ಲ. ವ್ಯಭಿಚಾರ ಇವತ್ತಿಗೂ ವಿಚ್ಛೇದನಕ್ಕೆ ಕಾರಣ, ಗಂಡ ಹೆಂಡತಿ ಇಬ್ಬರಿಗೂ. ಪರಪುರುಷನೊಂದಿಗೆ ಬಾಳುತ್ತಿದ್ದಾಳೆ ಎಂದು ಸಾಬೀತಾದರೆ ಹೆಂಡತಿಗೆ ಜೀವನಾಂಶ ಸಿಗುವುದಿಲ್ಲ. ಸೇನೆಗೆ ಹೋಗಬೇಕೆಂದು ಬೆಳಗ್ಗೆ ಓಡುವ ಹುಡುಗರು ಇದನ್ನೂ ತಿಳಿದಿರಲಿ: 497 ರದ್ದಾದದ್ದು ಸೇನಾ ಕಾಯ್ದೆಗಳ ಶಿಸ್ತು ಕ್ರಮಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಸ್ಪಷ್ಟಪಡಿಸಿದೆ.

ಕುಟುಂಬದ ಕಾನೂನಿನಲ್ಲಿ ಸರಿಪಡಿಸಬೇಕಾದದ್ದು ಬೇರೆ ಇದೆ. ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ವ್ಯಭಿಚಾರದ ಕಲಮು, ಸಂಗಾತಿಯಲ್ಲದ ‘ಯಾವುದೇ ವ್ಯಕ್ತಿ’ಯೊಂದಿಗೆ ಸಂಭೋಗ ಎನ್ನುತ್ತದೆ. ಇದೇ ಸೆಕ್ಷನ್‌ನ ಕೆಳಗಿನ ಸಾಲಿನಲ್ಲಿ ಹೆಂಡತಿಗೆಂದೇ ಇರುವ ಪ್ರತ್ಯೇಕ ಕಾರಣಗಳಿವೆ. ಗಂಡ ಅತ್ಯಾಚಾರ, ಗುದಸಂಭೋಗ ಅಥವಾ ಪಶುಸಂಭೋಗ ಎಸಗಿದ್ದರೆ ವಿಚ್ಛೇದನ ಕೇಳಬಹುದು ಎಂದು. 2018ರ ತೀರ್ಪು ಬಂದು ವರ್ಷಗಳಾದರೂ, ಒಪ್ಪಿತ ಸಂಬಂಧವೊಂದು ಅತ್ಯಾಚಾರಕ್ಕೂ ಪಶುಸಂಭೋಗಕ್ಕೂ ನಡುವೆ ಆ ಸಾಲಿನಲ್ಲಿ ಕೂತೇ ಇದೆ. ಮದುವೆಯಾದವರು ಮಾತು ತಪ್ಪಿದರೆ ತಪ್ಪಿದ್ದೇ. ಜತೆಗಿದ್ದವರು ಗಂಡೋ ಹೆಣ್ಣೋ ಎಂಬುದು ಅಲ್ಲಿ ಲೆಕ್ಕಕ್ಕೆ ಬರಬಾರದು. ಎರಡನ್ನೂ ‘ಒಂದೇ’ ಮಾಡಬೇಕೆಂದರೆ ಈ ಒಂದು ಜಾಗದಲ್ಲಿ ಮಾಡಿ, ನಾನು ಕೈ ಎತ್ತುತ್ತೇನೆ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರಲ್ಲಿ 497 ಇಲ್ಲ, 377 ಕೂಡ ಇಲ್ಲ. ನೋಡಲು ಎರಡೂ ಒಂದೇ ದಿನ ಮನೆ ಖಾಲಿ ಮಾಡಿದ ಹಾಗೆ. ಆದರೆ 2018ರಲ್ಲಿ ಕೋರ್ಟ್ 377 ಅನ್ನು ಪೂರ್ತಿ ತೆಗೆದಿರಲಿಲ್ಲ, ಒಪ್ಪಿಗೆ ಇಲ್ಲದ ಕೃತ್ಯಕ್ಕೆ ಉಳಿಸಿತ್ತು. ಅದನ್ನು ಹೊಸ ಸಂಹಿತೆಗೂ ತನ್ನಿ ಎಂದು ಅದೇ ಸ್ಥಾಯಿ ಸಮಿತಿ ಹೇಳಿದರೂ ಸೇರಲಿಲ್ಲ. ಹೊಸ ಸಂಹಿತೆಯ ಅತ್ಯಾಚಾರದ ಕಲಮು ಹೆಣ್ಣಿನ ಮೇಲೆ ಗಂಡು ನಡೆಸುವ ಕೃತ್ಯಕ್ಕೆ ಮಾತ್ರ. ಹಾಸ್ಟೆಲಿನಲ್ಲೋ ಬೇರೆಲ್ಲೋ ವಯಸ್ಕ ಹುಡುಗನೊಬ್ಬನ ಮೇಲೆ ಬಲಾತ್ಕಾರ ನಡೆದರೆ ಅವನು ಹಲ್ಲೆ, ಗಾಯದ ಕಲಮುಗಳನ್ನು ಹುಡುಕಿಕೊಳ್ಳಬೇಕು. 497 ಹೋದದ್ದರಿಂದ ಇಂಥ ಗುಂಡಿ ಬೀಳಲಿಲ್ಲ. ಇನ್ನೊಂದು ತಮಾಷೆ: ಮತ್ತೊಬ್ಬನ ಹೆಂಡತಿಯನ್ನು ‘ಪುಸಲಾಯಿಸಿ ಕರೆದೊಯ್ಯುವುದು’ ಎಂಬ ಹಳೆಯ 498ನೇ ಸೆಕ್ಷನ್ ಹೊಸ ಸಂಹಿತೆಯಲ್ಲಿ 84 ಎಂಬ ಹೊಸ ನಂಬರು ಹಾಕಿಕೊಂಡು ಹಾಗೇ ಉಳಿದಿದೆ. ಹೆಂಡತಿಗೆ ಯಜಮಾನನಿದ್ದಾನೆ ಎಂಬ ಯೋಚನೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಕೊನೆಗೆ ಒಂದು ಮಾತನ್ನು ನಾವು ರೂಮಿನಲ್ಲಿ ಬಹಳ ಹೊತ್ತು ಚರ್ಚಿಸಿದೆವು. ವ್ಯಭಿಚಾರ ಎಂಬ ತಪ್ಪು ಆಗಬೇಕಾದರೆ ಮೊದಲು ಮದುವೆ ಎಂಬುದು ಇರಬೇಕು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಸಲಿಂಗ ವಿವಾಹಕ್ಕೆ ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ನಡುವೆ 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಕುಟುಂಬವೆಂದು ಪರಿಗಣಿಸಿ ಎಂದು ರಾಜ್ಯಗಳಿಗೆ ತಿಳಿಸಿತು, ಜಂಟಿ ಬ್ಯಾಂಕ್ ಖಾತೆಗೆ ಅಡ್ಡಿಯಿಲ್ಲ ಎಂದಿತು.

ಅಂದರೆ ಶಿವಮೊಗ್ಗದಲ್ಲಿ ಇಬ್ಬರು ಹೆಂಗಸರು ಹದಿನೈದು ವರ್ಷ ಒಂದೇ ಸೂರಿನಡಿ ಬಾಳಿ, ಒಂದೇ ಚೀಟಿಯಲ್ಲಿ ಅಕ್ಕಿ ತಂದು, ಒಂದೇ ಖಾತೆಯಲ್ಲಿ ದುಡ್ಡಿಟ್ಟು, ಆಮೇಲೆ ಅವರಲ್ಲಿ ಒಬ್ಬಳು ಮೋಸ ಮಾಡಿ ಹೊರಟುಹೋದಳು ಎನ್ನೋಣ. ಉಳಿದವಳು ಕೌಟುಂಬಿಕ ನ್ಯಾಯಾಲಯಕ್ಕೆ ಹೋದರೆ ಅರ್ಜಿಯ ಮೇಲೆ ಬರೆಯಲು ಕಲಮೇ ಇಲ್ಲ. ವಿಚ್ಛೇದನ ಇಲ್ಲ, ಜೀವನಾಂಶ ಇಲ್ಲ. ‘ಇವರು ನಿಮಗೆ ಏನಾಗಬೇಕು?’ ಎಂದು ಗುಮಾಸ್ತ ಕೇಳಿದರೆ ಪಡಿತರ ಚೀಟಿ ತೋರಿಸಬಹುದು, ಅಷ್ಟೇ.